ಮೊದಲು ನಂಬಬೇಕಾದವರು ಯಾರು

2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಹೋಮ್ ಕ್ವಾರಂಟೈನ್‌ನಲ್ಲಿ ಇರುವವರೆಲ್ಲ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್ ಮೂಲಕ ಕಳಿಸಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ವಿನಾಯಿತಿ. ಚಿತ್ರದ ಜೊತೆಗೆ ಅದನ್ನು ತೆಗೆದ ಜಾಗದ ಗುರುತೂ ಹೋಗುತ್ತಿತ್ತು. ತಪ್ಪಿದರೆ ಸಿಬ್ಬಂದಿ ಮನೆಗೆ ಬಂದು ಸರ್ಕಾರಿ ಕ್ವಾರಂಟೈನ್ ಕೇಂದ್ರಕ್ಕೆ ಕರೆದೊಯ್ಯುತ್ತಾರೆ ಎಂಬ ಎಚ್ಚರಿಕೆ ಬೇರೆ. ಅಷ್ಟರಲ್ಲಾಗಲೇ ವಿದೇಶದಿಂದ ಬಂದವರ ಕೈಮೇಲೆ ಶಾಯಿಯ ಮುದ್ರೆ ಬಿದ್ದಾಗಿತ್ತು, ಅವರ ಮನೆಯ ವಿಳಾಸಗಳ ಪಟ್ಟಿ ಸರ್ಕಾರದ ಜಾಲತಾಣದಲ್ಲೇ ಪ್ರಕಟವಾಗಿತ್ತು.

ಆ ದಿನಗಳ ಗಾಬರಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮದ್ದಿಲ್ಲದ ರೋಗ, ಸಾಕಾಗದ ಆಸ್ಪತ್ರೆ, ಗಳಿಗೆಗೊಂದು ಸುದ್ದಿ. ಅಧಿಕಾರದಲ್ಲಿದ್ದವರು ಏನಾದರೂ ಮಾಡಲೇಬೇಕಿತ್ತು. ಆದರೂ ಆ ಗಂಟೆಗೊಂದು ಸೆಲ್ಫಿ ನನ್ನನ್ನು ಇಂದಿಗೂ ಕಾಡುತ್ತದೆ. ಒಬ್ಬ ಪ್ರಜೆ ದಿನಕ್ಕೆ ಹದಿನೈದು ಸಲ ತನ್ನ ಮುಖವನ್ನೇ ಸಾಕ್ಷಿಯಾಗಿ ಸಲ್ಲಿಸಬೇಕು. ನೀನು ಕಣ್ಣು ತಪ್ಪಿಸಿ ಹೊರಗೆ ಹೋಗುವವನೆಂದು ನಾವು ತೀರ್ಮಾನಿಸಿಯಾಗಿದೆ, ಅಲ್ಲವೆಂದು ಗಂಟೆಗಂಟೆಗೂ ರುಜುವಾತು ಮಾಡು ಎಂಬುದಲ್ಲದೆ ಆ ಆದೇಶಕ್ಕೆ ಬೇರೆ ಅರ್ಥವಿಲ್ಲ. ಜನರಿಗೆ ಸರ್ಕಾರದ ಮೇಲೆ ಯಾಕೆ ನಂಬಿಕೆಯಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಸರ್ಕಾರಕ್ಕೆ ಜನರ ಮೇಲೆ ನಂಬಿಕೆ ಇತ್ತೇ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಈ ಪ್ರಶ್ನೆಯನ್ನು ಎಂದು ನನಗೆ ತೋರುತ್ತದೆ.

ನಿರ್ಬಂಧಗಳನ್ನು ಪಾಲಿಸದವರ ಬಗ್ಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರ ಇದೆ: ಜನಕ್ಕೆ ತಿಳಿವಳಿಕೆ ಇಲ್ಲ, ತಿಳಿಹೇಳಬೇಕು. 2014ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಎಬೋಲಾ ಹಬ್ಬಿದಾಗಲೂ ಇದೇ ಮಾತು ಕೇಳಿಬಂತು. ರಾಜಧಾನಿ ಮನ್ರೋವಿಯಾದಲ್ಲಿ ಆ ಕಾಲದಲ್ಲೇ ರಾಬರ್ಟ್ ಬ್ಲೇರ್, ಬೆಂಜಮಿನ್ ಮೋರ್ಸ್ ಮತ್ತು ಲಿಲಿ ತ್ಸಾಯ್ ಎಂಬ ಸಂಶೋಧಕರು ಸಮೀಕ್ಷೆ ಮಾಡಿದರು. ಸರ್ಕಾರವನ್ನು ನಂಬದವರು ಮನೆಯಲ್ಲಿ ಮುಂಜಾಗ್ರತೆ ವಹಿಸುವುದು, ಜನಸಂದಣಿಯ ನಿರ್ಬಂಧಗಳನ್ನು ಪಾಲಿಸುವುದು ಬಹಳ ಕಡಿಮೆ ಎಂಬುದು ಕಂಡಿತು. ಅದೇನೋ ನಿರೀಕ್ಷಿತವೇ. ಆದರೆ ರೋಗದ ಲಕ್ಷಣವೇನು, ಅದು ಹೇಗೆ ಹರಡುತ್ತದೆ ಎಂದು ಕೇಳಿದರೆ, ನಂಬದವರಿಗೂ ನಂಬುವವರಷ್ಟೇ ತಿಳಿದಿತ್ತು. ತಿಳಿದೂ ಅವರು ಪಾಲಿಸಲಿಲ್ಲ. ಅವರಲ್ಲಿ ಕೊರತೆಯಾಗಿದ್ದದ್ದು ಮಾಹಿತಿಯಲ್ಲ, ಆದೇಶ ಕೊಡುವವರ ಯೋಗ್ಯತೆಯ ಬಗೆಗಿನ ಭರವಸೆ.

ಅದೇ ನಗರದ ವೆಸ್ಟ್ ಪಾಯಿಂಟ್ ಎಂಬುದು ಕಡಲಿಗೆ ಚಾಚಿಕೊಂಡ ಇಕ್ಕಟ್ಟಾದ ಬಡವರ ಬಡಾವಣೆ. ಆಗಸ್ಟ್ 20ರ ಬೆಳಿಗ್ಗೆ ಅಲ್ಲಿನವರು ಎದ್ದು ನೋಡಿದರೆ ಹೊರಗೆ ಹೋಗುವ ದಾರಿಗೆ ಮುಳ್ಳುತಂತಿ, ಅದರಾಚೆ ಬಂದೂಕು ಹಿಡಿದ ಸೈನಿಕರು. 1989ರಿಂದ 2003ರವರೆಗೆ ಎರಡು ಅಂತರ್ಯುದ್ಧಗಳನ್ನು ಕಂಡ ಊರದು. ಬೀದಿಯ ಕೊನೆಯಲ್ಲಿ ನಿಂತ ಸೈನಿಕನ ಮುಖ ನೋಡಿ ಆರೋಗ್ಯ ಇಲಾಖೆಯನ್ನು ನೆನೆಯುವವರು ಅಲ್ಲಿ ಯಾರಿದ್ದರು? ಬಡಾವಣೆಯ ಉಸ್ತುವಾರಿ ಹೊತ್ತಿದ್ದ ಅಧಿಕಾರಿಯನ್ನೂ ಅವರ ಮನೆಯವರನ್ನೂ ಪೊಲೀಸರು ಬೆಂಗಾವಲಿನಲ್ಲಿ ಹೊರಗೆ ಕರೆದೊಯ್ಯುವುದನ್ನು ಜನ ಕಂಡರು. ನಿಯಮ ಯಾರಿಗೆ, ವಿನಾಯಿತಿ ಯಾರಿಗೆ ಎಂಬುದು ಒಂದೇ ನೋಟಕ್ಕೆ ತಿಳಿಯಿತು. ಕಲ್ಲು ತೂರಿದರು, ಗುಂಡು ಹಾರಿತು, ಹದಿಹರೆಯದ ಹುಡುಗನೊಬ್ಬ ಗಾಯಗೊಂಡು ಸತ್ತ. ಹತ್ತು ದಿನಗಳಲ್ಲಿ ಸರ್ಕಾರವೇ ತಂತಿ ತೆಗೆಯಿತು. ಮುಂದೆ ಕೆಲಸ ಸಾಗಿದ್ದು ಆಯಾ ಓಣಿಯವರೇ ಮನೆಮನೆಗೆ ಹೋಗಿ ಜ್ವರ ಬಂದವರನ್ನು ವಿಚಾರಿಸತೊಡಗಿದಾಗ.

ನಿರ್ಬಂಧ ಪಾಲಿಸುವುದು ಎಂದು ಸಲೀಸಾಗಿ ಅಂದುಬಿಡುತ್ತೇವೆ. ಪಾಲಿಸುವವನಿಂದ ಅದು ಏನನ್ನು ಕೇಳುತ್ತದೆ ಎಂದು ಸ್ವಲ್ಪ ನಿಂತು ನೋಡಬೇಕು. ತೆರಿಗೆ ಕಟ್ಟುವುದಕ್ಕೆ, ಹೆಲ್ಮೆಟ್ ಹಾಕುವುದಕ್ಕೆ ಸರ್ಕಾರವನ್ನು ನಂಬಬೇಕಾಗಿಲ್ಲ. ಸಾಂಕ್ರಾಮಿಕದ ನಿಯಮ ಬೇರೆ ಜಾತಿಯದು. ಅಪ್ಪನಿಗೆ ಜ್ವರ ಬಂದಿದೆ ಎಂದು ನೀನೇ ಬಂದು ಹೇಳು ಎನ್ನುತ್ತದೆ. ಅವನನ್ನು ನಮ್ಮ ಕೈಗೆ ಕೊಡು, ನೀನು ನೋಡಲಾಗದ ಜಾಗಕ್ಕೆ ಒಯ್ಯುತ್ತೇವೆ, ಸತ್ತರೆ ಮುಖವನ್ನೂ ತೋರಿಸದೆ ಸಂಸ್ಕಾರ ಮಾಡುತ್ತೇವೆ, ಇಷ್ಟು ದಿನ ದುಡಿಯಬೇಡ, ಇಷ್ಟು ದಿನ ಯಾರನ್ನೂ ಮುಟ್ಟಬೇಡ ಎನ್ನುತ್ತದೆ. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ಆರು ತಿಂಗಳು ಅಲೆಸಿದ ಕಚೇರಿಗೆ ಅಪ್ಪನನ್ನು ಒಪ್ಪಿಸುವುದು ಹೇಗೆ?

ದಂಡದ ಬಲದಿಂದ ಈ ಕೆಲಸ ಆಗುವುದಿಲ್ಲ ಎನ್ನಲು ಇನ್ನೊಂದು ಕಾರಣವೂ ಇದೆ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮಾಸ್ಕ್ ಹಾಕದವರಿಗೆ ಸಾವಿರ ರೂಪಾಯಿ ದಂಡ ಎಂದಾಯಿತು. ಜನ ಸಿಟ್ಟಿಗೆದ್ದ ಮೇಲೆ ಒಂದು ವಾರದೊಳಗೆ ಅದು 250ಕ್ಕೆ ಇಳಿಯಿತು. ಆಗ ರಸ್ತೆಯ ಮೂಲೆಯಲ್ಲಿ ಪಾಲಿಕೆಯ ಮಾರ್ಷಲ್ ಕಂಡೊಡನೆ ಗದ್ದದಲ್ಲಿದ್ದ ಮಾಸ್ಕ್ ಮೂಗಿಗೇರುತ್ತಿತ್ತು, ಮಾರ್ಷಲ್ ಹಿಂದಾದೊಡನೆ ಮತ್ತೆ ಗದ್ದಕ್ಕೆ ಇಳಿಯುತ್ತಿತ್ತು. ಭಯ ಕಣ್ಣಿಗೆ ಬೀಳುವ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ರೋಗವಾದರೋ ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಹೆಣ ಮಲಗಿಸಿದ ಜಗುಲಿಯಲ್ಲಿ ಹರಡುತ್ತದೆ. ಅಲ್ಲಿ ಮಾರ್ಷಲ್ ಇಲ್ಲ, ಇರಲೂ ಸಾಧ್ಯವಿಲ್ಲ. ಅಲ್ಲಿ ಏನಾದರೂ ನಡೆಯಬೇಕಿದ್ದರೆ ಜನ ತಾವಾಗಿ ಮನಸ್ಸು ಮಾಡಿದರೆ ಮಾತ್ರ.

ಇದನ್ನು ನಮ್ಮ ನೆಲ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಂಡಿತ್ತು. 1896ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಮಾಂಡವಿಯಲ್ಲಿ ಪ್ಲೇಗ್ ಗುರುತಿಸಲಾಯಿತು. ಮುಂದಿನ ತಿಂಗಳೇ ಗಿರಣಿ ಕಾರ್ಮಿಕರ ದೊಡ್ಡ ಗುಂಪು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿತ್ತು. ಆಸ್ಪತ್ರೆಗೆ ಹೋದವರು ಹಿಂದೆ ಬರುವುದಿಲ್ಲ, ಅಲ್ಲಿ ರೋಗಿಯ ಮೈಯಿಂದ ತೈಲ ಇಳಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಈ ಸುದ್ದಿಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ತಮ್ಮ ದುಡಿಮೆಯನ್ನೆಲ್ಲ ಹಿಂಡಿ ಒಯ್ಯುವ ದೊರೆತನವನ್ನು ಬಲ್ಲವರಿಗೆ, ಅದೇ ದೊರೆತನ ಸಾಯುವ ಮೈಯನ್ನೂ ಹಿಂಡೀತು ಎಂಬ ಶಂಕೆ ಅಷ್ಟೇನೂ ದೂರದ್ದಲ್ಲ. ವದಂತಿ ಸುಳ್ಳೇ ಆಗಿತ್ತು, ಆದರೆ ಅದು ಹುಟ್ಟಿದ್ದು ನಿಜವಾದ ಅನುಭವದಿಂದ.

1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಇಡೀ ಕಾಯ್ದೆ ನಾಲ್ಕೇ ಕಲಮು. ಸರ್ಕಾರ ಅಗತ್ಯವೆನಿಸಿದ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕ್ರಮ ಕೈಗೊಂಡವರ ಮೇಲೆ ದಾವೆ ಹೂಡುವಂತಿಲ್ಲ. ಜನರಿಗೆ ಸರ್ಕಾರ ಏನು ಕೊಡಬೇಕು, ಯಾವ ಕಾರಣ ಹೇಳಬೇಕು, ಸುಟ್ಟ ಹಾಸಿಗೆಗೆ, ಕೆಡವಿದ ಗೋಡೆಗೆ ಯಾರು ಹೊಣೆ ಎಂಬ ಒಂದು ಸಾಲೂ ಅದರಲ್ಲಿಲ್ಲ. 2020ರಲ್ಲಿ ನಮ್ಮನ್ನು ಮನೆಯೊಳಗೆ ಕೂರಿಸಿದ ಮೊದಲ ಆದೇಶಗಳು ನಿಂತಿದ್ದುದು ಇದೇ ಕಾಯ್ದೆಯ ಮೇಲೆ.

ಪುಣೆಯಲ್ಲಿ ಈ ಕಾಯ್ದೆ ಚಲಾಯಿಸಲು ಬಂದವನು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿ. ಮಾರ್ಚ್ 13ರಿಂದ ಮೇ 19ರವರೆಗೆ ಗೋರಾ ಸೈನಿಕರ ತಂಡಗಳು ಮನೆಮನೆ ಶೋಧಿಸಿದವು. ದೇವರಮನೆ, ಅಡುಗೆಮನೆ, ಬಾಣಂತಿ ಮಲಗಿದ ಕೋಣೆ, ಯಾವುದನ್ನೂ ಬಿಡಲಿಲ್ಲ. ರೋಗಿ ಸಿಕ್ಕಿದರೆ ಅವನು ಆಸ್ಪತ್ರೆಗೆ, ಮನೆಮಂದಿ ಕ್ಯಾಂಪಿಗೆ, ಹಾಸಿಗೆ ಬಟ್ಟೆ ಬೆಂಕಿಗೆ. ಜನ ಏನು ಮಾಡಿದರು? ಬಚ್ಚಿಟ್ಟರು. ಜ್ವರದಲ್ಲಿ ಬೇಯುವವರನ್ನು ಅಟ್ಟದ ಮೇಲೆ ಮಲಗಿಸಿದರು, ಸತ್ತವರನ್ನು ಗುಟ್ಟಾಗಿ ಹೂತರು. ಬಚ್ಚಿಡುತ್ತಾರೆ ಎಂದು ಶೋಧ ಬಂತು, ಶೋಧ ಬಂತೆಂದು ಬಚ್ಚಿಡುವುದು ಹೆಚ್ಚಿತು. ಈ ಸುತ್ತಿನಲ್ಲಿ ಮೊದಲ ಹೆಜ್ಜೆ ಯಾರದೆಂದು ಹುಡುಕಿದರೆ ನನಗೆ ಸಿಗುವುದು ಆಳುವವರ ಹೆಜ್ಜೆಯೇ. ಊರವರನ್ನು ಕರೆದು ಕೇಳುವ ಮೊದಲೇ ಅವರು ಸೈನ್ಯವನ್ನು ಕರೆದಿದ್ದರು.

ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಹೊರಟ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ವರ್ಷದ ಇನ್ನೊಂದು ಘಟನೆ. ಗೋಪಾಲಕೃಷ್ಣ ಗೋಖಲೆ ಆಗ ಇಂಗ್ಲೆಂಡಿನಲ್ಲಿದ್ದರು. ಪುಣೆಯ ಸ್ನೇಹಿತರ ಪತ್ರಗಳನ್ನು ನಂಬಿ, ಶೋಧದ ಹೆಸರಿನಲ್ಲಿ ಹೆಂಗಸರ ಮೇಲೆ ದೌರ್ಜನ್ಯ ನಡೆದಿದೆ ಎಂದು ಅಲ್ಲಿನ ಪತ್ರಿಕೆಗೆ ಹೇಳಿದರು. ಮುಂಬೈ ಸರ್ಕಾರ ಪುರಾವೆ ಕೇಳಿತು. ಗೋಖಲೆ ಊರಿಗೆ ಬಂದು ವಿಚಾರಿಸಿದರೆ ಯಾರೂ ಮುಂದೆ ಬಂದು ಸಾಕ್ಷಿ ನುಡಿಯಲು ಸಿದ್ಧರಿರಲಿಲ್ಲ. ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಇತ್ತ ರ‍್ಯಾಂಡ್ ನೇತೃತ್ವದ ಪ್ಲೇಗ್ ಸಮಿತಿಯ ವರದಿ ನಂಬತಕ್ಕ ದೂರು ಯಾವುದೂ ಬರಲಿಲ್ಲವೆಂದು ತೃಪ್ತಿ ಸೂಚಿಸಿತ್ತು. ದೂರು ಬರಲಿಲ್ಲ, ನಿಜ. ದೂರು ಕೊಡುವುದಕ್ಕೂ ನಂಬಿಕೆ ಬೇಕಲ್ಲ. ಹೇಳಿಕೊಂಡರೆ ಕೇಳುವವರಿದ್ದಾರೆ, ಕೇಳಿದವರು ತಿರುಗಿ ನನ್ನನ್ನೇ ಹಣಿಯುವುದಿಲ್ಲ ಎಂಬ ಭರವಸೆ ಇಲ್ಲದ ಊರಿನಲ್ಲಿ ಮೌನ ಹೆಚ್ಚುತ್ತದೆ. ಆಳುವವರು ಆ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುತ್ತಾರೆ. ಜನ ತೆಪ್ಪಗೆ ನಿಯಮ ಪಾಲಿಸುತ್ತಿದ್ದಾರೆ ಎಂಬ ವರದಿಗಳನ್ನು ಓದುವಾಗಲೆಲ್ಲ ನನಗೆ ಪುಣೆಯ ಈ ಮೌನ ನೆನಪಾಗುತ್ತದೆ.

ಸೈನಿಕರ ಶೋಧ ಶುರುವಾಗುವ ಮೂರು ದಿನ ಮುಂಚೆ, ಮಾರ್ಚ್ 10ರಂದು, ಅದೇ ಪುಣೆಯ ಹೊರವಲಯದಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗಿನಿಂದ ತೀರಿಕೊಂಡರು. ಮಗ ಯಶವಂತ ವೈದ್ಯರು, ಊರಾಚೆ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದಿದ್ದರು. ಮುಂಢವಾದಲ್ಲಿ ಕಾಯಿಲೆ ಬಿದ್ದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಆ ತಾಯಿ ಅಲ್ಲಿಗೆ ತಂದರು, ರೋಗ ಅವರಿಗೂ ಅಂಟಿತು. ರೋಗಿಯನ್ನು ಮನೆಯಿಂದ ಬೇರ್ಪಡಿಸಿ ಚಿಕಿತ್ಸಾಲಯಕ್ಕೆ ಸೇರಿಸಬೇಕು ಎಂಬ ನಿಯಮ ರ‍್ಯಾಂಡ್‌ನದೂ ಅದೇ, ಸಾವಿತ್ರಿಬಾಯಿಯವರದೂ ಅದೇ. ಒಂದೇ ನಿಯಮ ಒಂದು ಕೈಯಲ್ಲಿ ದಂಡನೆಯಾಯಿತು, ಇನ್ನೊಂದು ಕೈಯಲ್ಲಿ ಆರೈಕೆಯಾಯಿತು. ಸಾವಿತ್ರಿಬಾಯಿ ಆ ವರ್ಷ ಮೊದಲ ಬಾರಿಗೆ ಆ ಜನರ ಬಾಗಿಲಿಗೆ ಹೋದವರಲ್ಲ. ಅರ್ಧ ಶತಮಾನದ ಕಾಲ ಶಾಲೆಗಾಗಿ, ಬರಗಾಲದ ಅನ್ನಕ್ಕಾಗಿ ಹೋಗುತ್ತಲೇ ಇದ್ದವರು.

ಪರಕೀಯ ಆಡಳಿತ, ಅದಕ್ಕೇ ಹೀಗಾಯಿತು ಎಂದು ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು, ಅಲ್ಲಿಂದ ಮೈಸೂರು ಸೀಮೆಗೆ ಹರಡಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿ, ಶೇಷಾದ್ರಿ ಅಯ್ಯರ್ ದಿವಾನರು. ನಮ್ಮವರದೇ ಆಳ್ವಿಕೆ. ಆದರೂ ಆ ವರ್ಷದ ಕೊನೆಗೆ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು, ಗುಂಡು ಹಾರಿತು. ಕಟ್ಟಳೆಯೊಡನೆ ಬಾಗಿಲಿಗೆ ಬಂದ ಅಮಲ್ದಾರ ಕನ್ನಡದಲ್ಲೇ ಮಾತಾಡುತ್ತಿದ್ದ ಎಂಬ ಮಾತ್ರಕ್ಕೆ ಅವನು ತಮ್ಮವನೆಂದು ಜನಕ್ಕೆ ಅನ್ನಿಸಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಅಂದಿನ ಅಧಿಕಾರಿಗಳಿಗೆ ಪ್ಲೇಗ್ ಹೇಗೆ ಹರಡುತ್ತದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಗೋಡೆಗೆ ಸುಣ್ಣ, ಚರಂಡಿಗೆ ಕಾರ್ಬಾಲಿಕ್ ಎಂದು ಸುರಿಯುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಒಯ್ಯುತ್ತದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ, ಅದನ್ನು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೆ ಮತ್ತೂ ಹತ್ತು ವರ್ಷ ಬೇಕಾಯಿತು. ಹಳ್ಳಿಗಳವರು ಮಾತ್ರ ತಮ್ಮದೇ ಲೆಕ್ಕ ಹಾಕಿಕೊಂಡಿದ್ದರು. ಇಲಿ ಬಿತ್ತೆಂದರೆ ಊರು ಬಿಡಬೇಕು. ಜಂತೆಯಿಂದ ಸತ್ತ ಇಲಿ ಉದುರಿದ ಸುದ್ದಿ ಬಂದೊಡನೆ ಪಾತ್ರೆಪಡಗ, ದನಕರು, ಮುದುಕರು ಮಕ್ಕಳು ಸಮೇತ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಹಾಗೆ ಹೋದವರು ಉಳಿದರು. ಹಳೆಯ ತಲೆಮಾರಿನವರು ಹೇಳುತ್ತಿದ್ದ ಪ್ಲೇಗಿನ ಕಥೆಗಳಲ್ಲಿ ಡಾಕ್ಟರು ಬರುವುದಕ್ಕಿಂತ ಹೆಚ್ಚಾಗಿ ಈ ಹೊಲದ ಗುಡಿಸಲು ಬರುತ್ತದೆ. ಮನೆ ತೊರೆದು ಬಯಲಲ್ಲಿ ಬದುಕುವುದು ಯಾವ ಕ್ವಾರಂಟೈನ್‌ಗಿಂತಲೂ ಕಠಿಣ. ಅದನ್ನು ಪಾಲಿಸಲು ಅವರಿಗೆ ಪೊಲೀಸರು ಬೇಕಾಗಲಿಲ್ಲ, ಯಾಕೆಂದರೆ ನಿಯಮವೂ ಅವರದು, ಕಾರಣವೂ ಅವರು ಕಣ್ಣಾರೆ ಕಂಡದ್ದು.

ಹುಬ್ಬಳ್ಳಿಯಲ್ಲಿ ನಡೆದದ್ದು ಇನ್ನೊಂದು ಬಗೆ. 1898ರಲ್ಲಿ ಅಲ್ಲಿ ಪ್ಲೇಗ್ ಭೀಕರವಾಗಿತ್ತು. ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ ಚುಚ್ಚುಮದ್ದನ್ನು ಆ ಊರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಆ ಕಾಲಕ್ಕೆ ಅದು ಬೆರಗಿನ ಸಂಖ್ಯೆ. ಹುಬ್ಬಳ್ಳಿ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು, ಅದಿದ್ದರೆ ಕ್ಯಾಂಪಿನ ವಾಸದಿಂದ ವಿನಾಯಿತಿ ಇತ್ತು. ಆ ಜನಕ್ಕೆ ಸರ್ಕಾರದ ಮೇಲೆ ಪ್ರೀತಿ ಉಕ್ಕಿತ್ತು ಎನ್ನಲಾಗದು. ಸೂಜಿ ಚುಚ್ಚಿಸಿಕೋ, ನಿನ್ನ ಮನೆಯಲ್ಲಿ ನೀನಿರು ಎಂಬ ಕೊಡುಕೊಳ್ಳುವ ಮಾತು ಅವರಿಗೆ ಅರ್ಥವಾಯಿತು. ಪೂರ್ತಿ ನಂಬಿಕೆ ಇಲ್ಲದಲ್ಲೂ ನ್ಯಾಯವಾದ ಒಪ್ಪಂದ ಕೆಲಸ ಮಾಡುತ್ತದೆ. ತನಗೇನು ಸಿಗುತ್ತದೆ ಎಂಬುದು ನಿಚ್ಚಳವಾಗಿರಬೇಕು, ಸಿಗುತ್ತದೆ ಎಂದದ್ದು ಸಿಗಬೇಕು, ಅಷ್ಟೇ.

ಜನ ತಾವಾಗಿ ಮಾಡಿಕೊಂಡದ್ದೆಲ್ಲ ಒಳ್ಳೆಯದೆಂದು ಹೇಳಲು ನಾನು ಸಿದ್ಧನಿಲ್ಲ. 2020ರ ಲಾಕ್‌ಡೌನ್ ಶುರುವಾದಾಗ ನಮ್ಮ ಎಷ್ಟೋ ಹಳ್ಳಿಗಳವರು ಊರಿನ ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿದರು, ಗುಂಡಿ ತೋಡಿದರು, ಹೊರಗಿನವರು ಬರಬಾರದೆಂದು ಡಂಗುರ ಸಾರಿದರು. ಯಾವ ಜಿಲ್ಲಾಧಿಕಾರಿಯೂ ಮಾಡಿಸಲಾರದಷ್ಟು ಕಟ್ಟುನಿಟ್ಟು. ಆದರೆ ಆ ಮುಳ್ಳಿನ ಆಚೆ ನಿಂತವರು ಯಾರು? ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿ, ಕೂಲಿ ನಿಂತು, ನಡೆದೋ ಲಾರಿ ಹತ್ತಿಯೋ ಬಂದ ಅದೇ ಊರಿನ ಮಕ್ಕಳು. ಊರೊಳಗಿನ ಪರಸ್ಪರ ನಂಬಿಕೆಗೆ ಒಂದು ಗಡಿ ಇರುತ್ತದೆ, ಆ ಗಡಿ ಹಲವು ಸಲ ಹಳೆಯ ಜಾತಿಯ, ಮತದ ಗೆರೆಯ ಮೇಲೆಯೇ ಬೀಳುತ್ತದೆ. ಆ ವಸಂತದಲ್ಲಿ ಒಂದು ಸಮುದಾಯದ ಹೆಸರನ್ನೇ ರೋಗದ ಹೆಸರಿನಂತೆ ಟಿವಿಗಳಲ್ಲಿ ಹಗಲಿರುಳು ಕೂಗಲಾಯಿತು. ಏಪ್ರಿಲ್ 19ರಂದು ಕತ್ತಲಾಗುವ ಹೊತ್ತಿಗೆ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬೆಂಗಳೂರಿನ ಪಾದರಾಯನಪುರಕ್ಕೆ ಹೋದ ಸಿಬ್ಬಂದಿಯ ಮೇಲೆ ಗುಂಪು ದಾಳಿ ಮಾಡಿತು. ತಮ್ಮ ಜೀವ ಪಣಕ್ಕಿಟ್ಟು ದುಡಿಯುತ್ತಿದ್ದವರ ಮೇಲೆ ಕೈಮಾಡಿದ್ದು ಅಕ್ಷಮ್ಯ. ಬಂಧಿತರನ್ನು ಅಲ್ಲಿಯವರೆಗೆ ಸೋಂಕಿಲ್ಲದ ರಾಮನಗರದ ಜೈಲಿಗೆ ಒಯ್ದರು, ಅವರಲ್ಲಿ ಕೆಲವರಿಗೆ ಸೋಂಕು ಕಂಡಿತು, ಮತ್ತೆ ಬೆಂಗಳೂರಿಗೆ ತಂದರು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ ಹೊರಟಿತು, ಶಿಕ್ಷೆ ಬಿಗಿಯಾಯಿತು. ತಿಂಗಳಿಡೀ ರೋಗದ ಗೂಡು ಎನ್ನಿಸಿಕೊಂಡ ಬಡಾವಣೆಯ ಬಾಗಿಲು ಕತ್ತಲಲ್ಲಿ ತಟ್ಟುವ ಮೊದಲು ಅಲ್ಲಿ ಯಾರು ಮಾತಾಡಬೇಕಿತ್ತು ಎಂಬ ಚರ್ಚೆ ಮಾತ್ರ ಶುರುವಾಗಲೇ ಇಲ್ಲ.

ಅಪನಂಬಿಕೆ ಬಡವರ ಓಣಿಗಷ್ಟೇ ಸೀಮಿತವಾಗಿರಲಿಲ್ಲ. ಜುಲೈ 23ರಂದು ಬೆಂಗಳೂರಿನ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ ಪಾಲಿಕೆಯ ಕೆಲಸಗಾರರು ಎರಡು ಮನೆಗಳ ಬಾಗಿಲಿಗೆ ಹೊರಗಿನಿಂದ ತಗಡು ಬಡಿದರು. ಒಂದರೊಳಗೆ ತಾಯಿ ಮತ್ತು ಇಬ್ಬರು ಪುಟ್ಟ ಮಕ್ಕಳು, ಪಕ್ಕದ್ದರಲ್ಲಿ ವಯಸ್ಸಾದ ದಂಪತಿ. ಚಿತ್ರ ಹೊರಬಿದ್ದು ಸುದ್ದಿಯಾದಾಗ ತಗಡು ತೆಗೆಸಿ ಆಯುಕ್ತರು ಕ್ಷಮೆ ಕೇಳಿದರು. ಆ ಕ್ಷಮೆಗೆ ಬೆಲೆಯಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಳಗಿರುವವರು ಹೊರಬರುತ್ತಾರೆ ಎಂಬ ಅನುಮಾನ ಬೆಂಕಿ ಬಿದ್ದರೆ ಅವರು ಹೊರಬರಬೇಕಲ್ಲ ಎಂಬ ಸಾಮಾನ್ಯ ಪ್ರಜ್ಞೆಯನ್ನೂ ನುಂಗಿಬಿಟ್ಟಿತ್ತು. ಅದಕ್ಕೆ ಮೂರು ವಾರ ಮೊದಲು ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೊವನ್ನು ರಾಜ್ಯವೇ ನೋಡಿತ್ತು. ಅಲ್ಲಿಯೂ ಜಿಲ್ಲಾಧಿಕಾರಿ ಕ್ಷಮೆ ಕೇಳಿದರು. ಆ ವಿಡಿಯೊ ನೋಡಿದ ರಾತ್ರಿ ಎಷ್ಟು ಮನೆಗಳಲ್ಲಿ ಕೆಮ್ಮನ್ನು ಅದುಮಿಟ್ಟುಕೊಂಡರು, ಎಷ್ಟು ಮಂದಿ ಪರೀಕ್ಷೆಯೇ ಬೇಡವೆಂದುಕೊಂಡರು ಎಂದು ಲೆಕ್ಕವಿಟ್ಟವರಿಲ್ಲ. ಪುಣೆಯ ಅಟ್ಟದಿಂದ ಅದೇನೂ ಬಹಳ ದೂರದ್ದಲ್ಲ.

ಹಾಗಿದ್ದೂ ಕರ್ನಾಟಕ ಬಹುಮಟ್ಟಿಗೆ ಪಾಲಿಸಿತು. ಅದು ಸೆಲ್ಫಿಯಿಂದ, ಲಾಠಿಯಿಂದ ಆದದ್ದೆಂದು ನಾನು ನಂಬುವುದಿಲ್ಲ. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು "ಅಕ್ಕಾ, ಮನೇಲಿ ಯಾರಿಗಾದ್ರೂ ಜ್ವರ ಇದೆಯಾ?" ಎಂದು ಕೇಳಿದಾಗ ನಿಜ ಹೇಳಿದವರು ಅಸಂಖ್ಯ. ಆಕೆ ಅದೇ ಊರಿನ ಸೊಸೆ. ಮೊದಲ ಬಸಿರಿಗೆ ತಾಯಿ ಕಾರ್ಡ್ ಮಾಡಿಸಿದವಳು, ನಡುರಾತ್ರಿ ಆಂಬುಲೆನ್ಸ್‌ಗೆ ಫೋನ್ ಮಾಡಿ ಹೆರಿಗೆಗೆ ಜೊತೆಗೆ ಹೋದವಳು, ಕೂಸಿನ ಲಸಿಕೆಯ ದಿನ ನೆನಪಿಟ್ಟುಕೊಂಡು ಬಂದು ಕರೆದವಳು. ರೋಗವಿಲ್ಲದ ವರ್ಷಗಳಲ್ಲಿ ಆಕೆ ಕೂಡಿಟ್ಟ ನಂಬಿಕೆಯನ್ನು ರೋಗದ ವರ್ಷದಲ್ಲಿ ಸರ್ಕಾರ ಖರ್ಚು ಮಾಡಿತು. ಆಕೆಯ ಮೇಲೂ ಕೆಲವೆಡೆ ಹಲ್ಲೆಯಾಯಿತು. ಸಮೀಕ್ಷೆಯ ಹಾಳೆ ಹಿಡಿದು ಪರಿಚಯವಿಲ್ಲದ ಬೀದಿಗೆ ಕಳಿಸಿದಾಗ ಆಕೆಯೂ ಜನರ ಕಣ್ಣಿಗೆ ಸರ್ಕಾರವಾಗಿಬಿಟ್ಟಳು.

2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದ ಹೊತ್ತಿನಲ್ಲೇ, ರಾಜ್ಯದ ಸುಮಾರು ನಲವತ್ತೆರಡು ಸಾವಿರ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನ ಮತ್ತು ಸರಿಯಾದ ಮಾಸ್ಕ್, ಕೈಗವಸು ಅವರ ಬೇಡಿಕೆ. ಗಂಟೆಗೊಂದು ಸೆಲ್ಫಿ ಕೇಳುವ ಆ್ಯಪ್‌ಗೆ ದಿನಗಳಲ್ಲಿ ವ್ಯವಸ್ಥೆಯಾದ ರಾಜ್ಯದಲ್ಲಿ, ಬಾಗಿಲಿಗೆ ಹೋಗಿ ನಿಜವನ್ನೇ ಕೇಳಿ ತರುವ ಹೆಂಗಸರು ಕೈಗವಸಿಗಾಗಿ ಬೀದಿಗಿಳಿಯಬೇಕಾಯಿತು. 2025ರ ಜನವರಿಯಲ್ಲಿ ಅವರು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಚಳಿಯಲ್ಲಿ ಹಗಲೂ ರಾತ್ರಿ ಕುಳಿತರು, ಗೌರವಧನದ ಅದೇ ಪ್ರಶ್ನೆ ಹಿಡಿದು. ಮುಂದಿನ ಸಾಂಕ್ರಾಮಿಕದ ಸಿದ್ಧತೆಯ ಬಗ್ಗೆ ಸಮಿತಿಗಳು ಕೂರುವಾಗ ಪ್ರಯೋಗಾಲಯ, ಆಮ್ಲಜನಕ, ಹಾಸಿಗೆಗಳ ಲೆಕ್ಕ ಬರುತ್ತದೆ, ಬರಬೇಕಾದ್ದೇ. ಈ ಹೆಂಗಸರ ತಿಂಗಳ ದುಡ್ಡಿನ ಪ್ರಶ್ನೆಯೂ ಅದೇ ಕಡತದಲ್ಲಿ, ಅದೇ ಪುಟದಲ್ಲಿ ಇರಬೇಕು.